ಕ್ಯಾಲೆಂಡರಿನ ನಾಲ್ಕನೇ ಮೂಲೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಕಿರಾಣಿ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದು. ಅದು ಪೂರ್ತಿ ಅವ್ವನ ಆಸ್ತಿ. ಹಾಲಿನವನು ಒಂದು ಲೀಟರ್ ಕೊಟ್ಟ ದಿನ ಉದ್ದ ಗೀಟು, ಅರ್ಧ ಕೊಟ್ಟ ದಿನ ಗಿಡ್ಡ ಗೀಟು, ಬಾರದ ದಿನ ಸೊನ್ನೆ. ಸಿಲಿಂಡರ್ ಹಚ್ಚಿದ ತಾರೀಖು, ಚೀಟಿ ದುಡ್ಡು ಕಟ್ಟಿದ ತಾರೀಖು, ಎಲ್ಲ ಅದರಲ್ಲೇ.

ಹೋದ ವರ್ಷ ಜೂನ್ ಮತ್ತು ಜುಲೈನಲ್ಲಿ ನಾನು ಆ ಕ್ಯಾಲೆಂಡರಿಗೆ ಕೈ ಹಾಕಿದೆ. ಪ್ರತಿ ತಾರೀಖಿನ ಚೌಕದ ನಾಲ್ಕು ಮೂಲೆಗೂ ಪೆನ್ಸಿಲ್‌ನಲ್ಲಿ ಸಣ್ಣ ಅಂಕಿ ಬರೆಯತೊಡಗಿದೆ. ಒಂದು ವಾರ ಅವ್ವ ಸುಮ್ಮನಿದ್ದಳು. ತಿಂಗಳ ಕೊನೆಗೆ ಹಾಲಿನವನು ಲೆಕ್ಕಕ್ಕೆ ಬಂದಾಗ ಕನ್ನಡಕ ಏರಿಸಿಕೊಂಡು ಎಣಿಸಿದಳು, ತಪ್ಪಿದಳು, ಮತ್ತೆ ಎಣಿಸಿದಳು. ಆಮೇಲೆ ಒಳಗೆ ಬಂದು ಕೇಳಿದಳು.

"ಇದ್ಯಾರ ಹಾಲs? ಮೂರು, ಎರಡು, ಒಂದು, ಐದು? ಐದು ಲೀಟರ್ ಯಾರ್ ಕುಡದ್ರು?"

ಅದು ಹಾಲಲ್ಲ ಅಂತ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಲೆಕ್ಕ ಶುರುವಾಗಿದ್ದು ಅಕ್ಕನಿಂದ. ಅಕ್ಕ ಇರುವುದು ಬಾಗಲಕೋಟೆಯ ನವನಗರದಲ್ಲಿ. ನಾನು, ಅವ್ವ ಬೆಳಗಾವಿಯಲ್ಲಿ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹೆಣ್ಣಾಗಿ ಹುಟ್ಟಿದ್ದು ಅವಳಿಗೆ ಒಂದು ದಿನವೂ ಭಾರ ಅನಿಸಿಲ್ಲ. ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ಬೆರಳಲ್ಲಿ ಸವರಿ, ರೇಷ್ಮೆಯೋ ಅಲ್ಲವೋ ಅಂತ ಅಂಗಡಿಯವನಿಗೇ ಹೇಳುತ್ತಾಳೆ. ಗುಳೇದಗುಡ್ಡದ ಖಣ ಸಿಕ್ಕರೆ ಕುಪ್ಪಸಕ್ಕೆ ಅಂತ ಎತ್ತಿಡುತ್ತಾಳೆ. ಶ್ರಾವಣಕ್ಕೆ ಕೈತುಂಬ ಹಸಿರು ಬಳೆ. ಚಿಕ್ಕವರಿದ್ದಾಗ ನನ್ನನ್ನು "ಏ ತಮ್ಮಾ" ಅಂತ ಕರೆಯುತ್ತಿದ್ದವಳೂ ಅವಳೇ. ಕೂದಲು ಕತ್ತರಿಸಿಕೊಂಡು, ಅಪ್ಪನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದೆನಲ್ಲ, ಅದಕ್ಕೆ. ಅದು ಚಾಷ್ಟಿ. ಆದರೆ ನನಗೆ ಅದರಷ್ಟು ಸರಿಯಾಗಿ ಕೂತ ಹೆಸರು ಇನ್ನೊಂದಿರಲಿಲ್ಲ.

ಇಷ್ಟು ಖುಷಿಯಾಗಿ ಹೆಣ್ಣಾಗಿರುವ ಅಕ್ಕ, ತಿಂಗಳಿಗೆ ಒಂದು ವಾರ ಕುಸಿದು ಹೋಗುತ್ತಾಳೆ. ಮುಟ್ಟಾದ ಮೇಲಲ್ಲ. ಮುಟ್ಟಿಗೆ ಮುಂಚೆ.

ಮುಟ್ಟಿಗೆ ನಮ್ಮ ಕಡೆ ಹೆಸರುಗಳಿಗೇನೂ ಬರ ಇಲ್ಲ. ಕಡಿಗಿ ಆಗ್ಯಾಳ, ಹೊರಗ ಆಗ್ಯಾಳ, ದೂರ ಕುಂತಾಳ, ಕಾಗಿ ಮುಟ್ಟೇತಿ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಅಡಚಣ. ಈಗಿನವರಿಗೆ ಡೇಟ್. ನಮ್ಮದು ಲಿಂಗಾಯತರ ಮನೆ. ಹನ್ನೆರಡನೇ ಶತಮಾನದ ಶರಣರು ಐದು ಸೂತಕ ಬೇಡ ಅಂದರು, ಅದರಲ್ಲಿ ಮುಟ್ಟಿನ ಸೂತಕವೂ ಒಂದು. ಹಾಗಾಗಿ ಅವ್ವ ಆ ದಿನಗಳಲ್ಲೂ ಜಳಕ ಮಾಡಿ ಲಿಂಗಪೂಜೆ ಮಾಡಿಕೊಳ್ಳುತ್ತಿದ್ದಳು. ಆದರೂ ಅಜ್ಜಿಯ ಬಾಯಲ್ಲಿ ಮಾತು ಮಾತ್ರ "ಕಡಿಗಿ" ಅಂತಲೇ ಇತ್ತು. ಸೂತಕ ಹೋಯಿತು, ಪದ ಹೋಗಲಿಲ್ಲ. ಇಷ್ಟೆಲ್ಲ ಪದ ಇದ್ದೂ ಮುಟ್ಟಿನ ಮುಂಚಿನ ವಾರಕ್ಕೆ ಒಂದೂ ಇಲ್ಲ. "ಡೇಟ್ ಹತ್ರ ಬಂದಾವ" ಅನ್ನುತ್ತೇವೆ, ಅಷ್ಟೇ. ಬರುವ ರೈಲಿನ ಬಗ್ಗೆ ಹೇಳಿದ ಹಾಗೆ.

ಒಂದು ಸಲ ನಾನು ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನೋಡುವುದೇ ಒಂದು ಚೆಂದ. ತಟ್ಟುವ ಸದ್ದು ಒಂದೇ ತಾಳಕ್ಕೆ ಬರುತ್ತದೆ, ಬಳೆ ಅದಕ್ಕೆ ಕೂಡಿಕೊಳ್ಳುತ್ತದೆ. ಅವತ್ತು ಹಂಚಿಗೆ ಹಾಕುವಾಗ ಒಂದು ರೊಟ್ಟಿ ಹರಿಯಿತು. ಯಾರ ಮನೆಯಲ್ಲಿ ಹರಿಯುವುದಿಲ್ಲ? ಅಕ್ಕ ಹರಿದ ರೊಟ್ಟಿಯನ್ನು ನೋಡುತ್ತ ನಿಂತಳು. ಹಂಚು ಹೊಗೆಯಾಡಿತು. ಆಮೇಲೆ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತು ಅತ್ತಳು. ಅರ್ಧ ತಾಸು. "ನನಗ ಒಂದು ರೊಟ್ಟಿ ಸೈತ ಬರಂಗಿಲ್ಲ" ಅಂತ ಒಂದೇ ಮಾತು. ನಾನು ಗ್ಯಾಸ್ ಆರಿಸಿ ಪಕ್ಕದಲ್ಲಿ ಕೂತೆ. ಐದು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ದನಿಯಲ್ಲಿ ನಗು. "ಬಂತು ನೋಡು. ಈಗ ತಲಿ ಹಗುರಾತು. ಅವತ್ತ ಯಾಕ್ ಅತ್ತೆನೋ ಮಾರಾಯಾ."

ನಗುವ ವಿಷಯ ಮಾತ್ರ ಅಲ್ಲ. ಆ ವಾರ ಮಾಳಿಗೆಯ ಬಾಗಿಲಿನ ಕೀಲಿಯನ್ನು ತಾನೇ ಮಾವನ ಕೈಗೆ, ಅಂದರೆ ತನ್ನ ಗಂಡನ ಕೈಗೆ ಕೊಡುತ್ತಾಳೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಯಾಕೆ ಅಂತ ಕೇಳಿದರೆ "ಸುಮ್ನೆ, ಅಂಜಿಕಿ ಬರ್ತೈತಿ" ಅಂದಳು. ಇದನ್ನು ಓದುವವರಲ್ಲಿ ಯಾರಿಗಾದರೂ ಅಂಥ ಅಂಜಿಕೆ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲು ತೋರಿಸಿದ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು, ಇನ್ನೊಂದು ಮಗು ಆದರೆ ಸರಿಹೋಗುತ್ತದೆ ಅಂದರು. ಎರಡನೇ ಮಗುವಿಗೆ ಈಗ ಒಂಬತ್ತು ವರ್ಷ. ಸರಿಹೋಗಿಲ್ಲ. ಆಮೇಲೆ ಸಿಕ್ಕವರು ಒಬ್ಬ ಮನೋವೈದ್ಯೆ. ಅವರು ಔಷಧಿ ಚೀಟಿ ಬರೆಯಲಿಲ್ಲ. ಒಂದು ಹಾಳೆ ಕೊಟ್ಟರು. "ಎರಡು ತಿಂಗಳು ದಿನಾ ಬರೀರಿ. ನೆನಪಿನಿಂದ ಹೇಳೋದು ಬ್ಯಾಡ. ನೆನಪು ಸುಳ್ಳು ಹೇಳ್ತೈತಿ" ಅಂದರು. ಎರಡು ಮುಟ್ಟಿನ ಚಕ್ರದ ದಿನದಿನದ ಲೆಕ್ಕ ಇಲ್ಲದೆ ಈ ಕಾಯಿಲೆಯನ್ನು ಖಚಿತ ಮಾಡುವಂತಿಲ್ಲವಂತೆ. ಹನ್ನೊಂದು ಲಕ್ಷಣಗಳಲ್ಲಿ ಕನಿಷ್ಠ ಐದಾದರೂ ಮುಟ್ಟಿನ ಹಿಂದಿನ ವಾರ ಕಾಣಬೇಕು. ಮುಟ್ಟು ಶುರುವಾಗಿ ಕೆಲವು ದಿನಕ್ಕೆ ಇಳಿಯಬೇಕು. ಅದರ ಮುಂದಿನ ವಾರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯಾಗಬೇಕು. ಹೆಸರು ಪಿಎಂಡಿಡಿ, ಅಂದರೆ ಪ್ರೀಮೆನ್‌ಸ್ಟ್ರುವಲ್ ಡಿಸ್ಫೋರಿಕ್ ಡಿಸಾರ್ಡರ್. ಮುಟ್ಟಾಗುವವರಲ್ಲಿ ನೂರಕ್ಕೆ 3ರಿಂದ 8 ಜನರಿಗೆ ಇದು ಇರುತ್ತದೆ ಅನ್ನುತ್ತಾರೆ. ಬಹಳ ಜನರಿಗೆ ಗೊತ್ತಿರುವ ಪಿಎಂಎಸ್, ಅಂದರೆ ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್, ಇದರ ಸೌಮ್ಯ ರೂಪ.

ನಾನು ಲೆಕ್ಕದ ಮನುಷ್ಯ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಹಾಳೆಯಲ್ಲಿ ಕಾಲಂ ಕಂಡರೆ ನನಗೆ ಸಮಾಧಾನ. ಹಾಗಾಗಿ ಅಕ್ಕನ ಹಾಳೆಯ ಹಿಂದಿನ ಕತೆಯನ್ನೂ ಹುಡುಕಿಕೊಂಡು ಓದಿದೆ. 1931ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರ್ಯಾಂಕ್ ಅನ್ನುವ ಡಾಕ್ಟರು ಮುಟ್ಟಿನ ಮುಂಚಿನ ಈ ಬಿಗುವಿನ ಬಗ್ಗೆ ಬರೆದರು. ಇಂಗ್ಲೆಂಡಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ 1953ರಲ್ಲಿ ಅದಕ್ಕೆ ಪಿಎಂಎಸ್ ಅನ್ನುವ ಹೆಸರು ಕೊಟ್ಟರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಎಂಡಿಡಿ ಪೂರ್ಣ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ಅಕ್ಕ ದೊಡ್ಡವಳಾಗಿ ಎಷ್ಟೋ ವರ್ಷ ಆದ ಮೇಲೆ.

ನನಗೆ ಮನಸ್ಸಿಗೆ ನಾಟಿದ್ದು 1998ರ ಒಂದು ಪ್ರಯೋಗ. ಅಮೆರಿಕದಲ್ಲಿ ಮಾಡಿದ್ದು. ಈ ತೊಂದರೆ ಇದ್ದವರಿಗೆ ಔಷಧಿ ಕೊಟ್ಟು ಅಂಡಾಶಯದ ಕೆಲಸವನ್ನು ಸ್ವಲ್ಪ ಕಾಲ ನಿಲ್ಲಿಸಿದರು. ಬಹಳ ಜನರಿಗೆ ಆರಾಮಾಯಿತು. ಆಮೇಲೆ ಅದೇ ಹಾರ್ಮೋನುಗಳನ್ನು ಮಾಮೂಲಿ ಪ್ರಮಾಣದಲ್ಲಿ ಹೊರಗಿನಿಂದ ಕೊಟ್ಟರು. ತೊಂದರೆ ಮರಳಿ ಬಂತು. ತೊಂದರೆ ಇಲ್ಲದವರಿಗೂ ಅಷ್ಟೇ ಪ್ರಮಾಣ ಕೊಟ್ಟರು. ಅವರಿಗೆ ಏನೂ ಆಗಲಿಲ್ಲ. ಅಂದರೆ ಅಕ್ಕನ ಮೈಯಲ್ಲಿ ಹಾರ್ಮೋನ್ ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ. ಅವಳ ಮೆದುಳು ಅದಕ್ಕೆ ಬೇರೆ ಥರ ಉತ್ತರ ಕೊಡುತ್ತದೆ. ಒಂದೇ ಚಟ್ನಿ, ಒಬ್ಬರ ನಾಲಿಗೆಗೆ ಬ್ಯಾಡಗಿ, ಇನ್ನೊಬ್ಬರಿಗೆ ಗುಂಟೂರು. "ಇಕಿ ಹೆಣ್ತನ ಸ್ವಲ್ಪ ಜಾಸ್ತಿ, ಅದಕ್ಕ" ಅಂತ ಚಾಷ್ಟಿ ಮಾಡುತ್ತಿದ್ದ ನಮ್ಮ ಬಳಗಕ್ಕೆ ಇದನ್ನು ಹೇಳಿ ಸುಸ್ತಾದೆ.

ಅಕ್ಕನ ಹಾಳೆ ನೋಡಿ ನಾನೂ ಬರೆಯಬೇಕು ಅನಿಸಿತು. ಮೊದಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ತೆರೆದರೆ ಗುಲಾಬಿ ಬಣ್ಣ, ಹೂವು, ಚಿಟ್ಟೆ. ಮೊದಲ ಪ್ರಶ್ನೆಯೇ ಬಸಿರಾಗಬೇಕೋ ಬೇಡವೋ ಅಂತ. ತೆಗೆದು ಹಾಕಿದೆ. ಹಾಗೆ ಅವ್ವನ ಕ್ಯಾಲೆಂಡರಿಗೆ ಬಂದೆ.

ಮೇಲಿನ ಎಡ ಮೂಲೆಗೆ ಸಿಟ್ಟು ಮತ್ತು ಅಳು. ಮೇಲಿನ ಬಲಕ್ಕೆ ಮೈ ನೋವು. ಕೆಳಗಿನ ಎಡಕ್ಕೆ ನಿದ್ದೆ ಎಷ್ಟು ಕೆಟ್ಟಿತು. ಸೊನ್ನೆಯಿಂದ ಐದರ ತನಕ. ಕೆಳಗಿನ ಬಲ ಮೂಲೆ ಖಾಲಿ ಉಳಿಯಿತು. ಅಲ್ಲಿ ಏನು ಬರೆಯಬೇಕು ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಹೀಗೆ ಅಂದುಕೊಂಡೆ: ಇವತ್ತು ಜನ ನನ್ನನ್ನು ಹೆಣ್ಣು ಅಂತ ನೋಡಿದ್ದು, ನನ್ನ ಮೈ ನನಗೇ ಹಾಗೆ ತೋರಿದ್ದು, ಎಷ್ಟು ಚುಚ್ಚಿತು?

ಯಾಕೆಂದರೆ ನಾನು ಹೆಣ್ಣು ಅಂತ ನನಗೆ ಯಾವತ್ತೂ ಅನಿಸಿಲ್ಲ. ಗಂಡು ಅಂತಲೂ ಗಟ್ಟಿಯಾಗಿ ಅನಿಸಿಲ್ಲ. ನಾನ್‌ಬೈನರಿ ಅನ್ನುವ ಪದ ಸಿಕ್ಕಿದ್ದು ಮೂವತ್ತರ ಹತ್ತಿರ. ರೆಡಿಮೇಡ್ ಅಂಗಿಯ ಹಾಗೆ ಅದು. ಹೆಗಲು ಸರಿಯಾಗಿ ಕೂತಿದೆ, ತೋಳು ಸ್ವಲ್ಪ ಉದ್ದ. ಮಡಚಿಕೊಂಡು ಹಾಕಿಕೊಳ್ಳುತ್ತೇನೆ.

ನನ್ನ ಮುಂಚಿನ ವಾರ ಅಕ್ಕನ ಹಾಗಲ್ಲ. ನಾನು ಅಳುವುದಿಲ್ಲ. ರೊಟ್ಟಿ ಹರಿದರೆ ಹರಿದದ್ದನ್ನೇ ತಿನ್ನುತ್ತೇನೆ. ಸಿಟ್ಟು ಎರಡಕ್ಕಿಂತ ಮೇಲೆ ಹೋದದ್ದೇ ಕಡಿಮೆ. ಹೊಟ್ಟೆ ಸ್ವಲ್ಪ ಉಬ್ಬುತ್ತದೆ, ಎದೆ ಬಾತು ನೋಯುತ್ತದೆ. ಲಕ್ಷಾಂತರ ಜನರಿಗೆ ಆಗುವಂಥದ್ದೇ, ಯಾವ ಡಾಕ್ಟರ ಹತ್ತಿರ ಹೋದರೂ "ಇದೇನೂ ಅಲ್ಲ" ಅನ್ನುವಂಥದ್ದು. ನೋವಿನ ಲೆಕ್ಕದಲ್ಲಿ ಅದು ನಿಜವೂ ಹೌದು.

ಆದರೆ ನಾನು ದಿನಾ ಬಟ್ಟೆಯ ಒಳಗೆ ಬೈಂಡರ್ ಅನ್ನುವ ಬಿಗಿ ಬನಿಯನ್ ಹಾಕುತ್ತೇನೆ. ಎದೆ ಚಪ್ಪಟೆ ಕಾಣಲಿ ಅಂತ. ಆ ವಾರ ಅದನ್ನು ಹಾಕಲು ಆಗುವುದಿಲ್ಲ. ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ದೊಗಳೆ ಅಂಗಿ ಹಾಕಿಕೊಂಡು, ಬೆನ್ನಿನ ಬ್ಯಾಗನ್ನು ಎದೆಗೆ ಒತ್ತಿಕೊಂಡು ಬಸ್ಸು ಹತ್ತುತ್ತೇನೆ.

ಬಸ್ಸಿನ ಕತೆ ಹೇಳಲೇಬೇಕು. ಮಹಾಂತೇಶ ನಗರದಿಂದ ಊರೊಳಗೆ ಬಂದು, ಅಲ್ಲಿಂದ ಉದ್ಯಮಬಾಗದ ಬಸ್ಸು. ತಿಂಗಳಲ್ಲಿ ಮೂರು ವಾರ ಕಂಡಕ್ಟರ್ ಹತ್ತಿರ ಬಂದು "ಎಲ್ಲಿಗ್ರಿ ಸರ?" ಅನ್ನುತ್ತಾನೆ. ನಾನು ಊರು ಹೇಳಿ ದುಡ್ಡು ಕೊಡುತ್ತೇನೆ, ಅವನು ಟಿಕೆಟ್ ಹರಿದು ಕೊಡುತ್ತಾನೆ. ನಾಲ್ಕನೇ ವಾರ ಅದೇ ಬಸ್ಸು, ಅದೇ ಹೊತ್ತು, ಕೆಲವು ಸಲ ಅದೇ ಕಂಡಕ್ಟರ್. ಬಾಯಿ ತೆರೆದು "ಸ..." ಅನ್ನುತ್ತಾನೆ. ಕಣ್ಣು ಒಂದು ಗೇಣು ಕೆಳಗೆ ಇಳಿಯುತ್ತದೆ. "ಅಕ್ಕಾರ, ಆಧಾರ್ ಐತೇನ್ರಿ?" ಬಹಳ ಮರ್ಯಾದೆಯಿಂದಲೇ ಕೇಳುತ್ತಾನೆ, ಅವನದೇನೂ ತಪ್ಪಿಲ್ಲ. ಆಧಾರ್‌ನಲ್ಲಿ ಹೆಣ್ಣು ಅಂತಿದೆ. ಕೈಗೆ ಶೂನ್ಯ ಟಿಕೆಟ್ ಬರುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಅಲ್ವಾ. ಆ ಶಕ್ತಿ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಸೇರಿದ್ದಾರೆ. ಬೇಕಾದರೆ ಆ ಲೆಕ್ಕದಲ್ಲೂ ಪುಕ್ಕಟೆ ಹೋಗಬಹುದು. ತುಂಬಿದ ಬಸ್ಸಿನಲ್ಲಿ ಬಾಯಿ ಬಿಟ್ಟು ಹೇಳಿಕೊಳ್ಳಬೇಕು, ಅಷ್ಟೇ.

ಮೂರು ವಾರ ದುಡ್ಡು ಕೊಟ್ಟು ಹೋಗುತ್ತೇನೆ. ಒಂದು ವಾರ ಪುಕ್ಕಟೆ. ಆ ಪುಕ್ಕಟೆ ವಾರದ ಪ್ರತಿ ಚೌಕದ ಕೊನೆ ಮೂಲೆಯಲ್ಲೂ ಐದು ಬಿದ್ದಿದೆ.

ಫೌಂಡ್ರಿಯಲ್ಲಿ ಇನ್ನೊಂದು ತಮಾಷೆ. ಕನ್ನಡದಲ್ಲಿ ನನ್ನ ಬಗ್ಗೆ ನಾನು ಹೇಳುವಾಗ ಯಾವ ತೊಂದರೆಯೂ ಇಲ್ಲ. ಬಂದೆ, ಹೋದೆ, ಉಂಡೆ. ಹೆಣ್ಣೋ ಗಂಡೋ ಅಂತ ಕ್ರಿಯಾಪದ ಕೇಳುವುದಿಲ್ಲ. ಬೇರೆಯವರು ನನ್ನ ಬಗ್ಗೆ ಹೇಳುವಾಗ ಅಷ್ಟೇ ಬಂದ್ಲೋ ಬಂದ್ನೋ ಅನ್ನುವ ರಗಳೆ. ಮರಾಠಿಯಲ್ಲಿ ಹಾಗಲ್ಲ. "ನಾನು ಬಂದೆ" ಅನ್ನಲೂ ಗಂಡಸು "ಮೀ ಆಲೊ" ಅನ್ನಬೇಕು, ಹೆಂಗಸು "ಮೀ ಆಲೆ" ಅನ್ನಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಎರಡನ್ನೂ ನುಂಗಿ ಬರೀ ತಲೆ ಆಡಿಸುತ್ತಿದ್ದೆ. ಆಮೇಲೆ ಪ್ಯಾಕಿಂಗ್‌ನಲ್ಲಿದ್ದ ಕೊಲ್ಹಾಪುರದ ಕಡೆಯ ಮಾವಶಿಯೊಬ್ಬರು ಸೀರೆ, ಕುಂಕುಮ, ಮೂಗುತಿ ಎಲ್ಲ ಇಟ್ಟುಕೊಂಡೇ "ಮೀ ಆಲೊ" ಅಂದದ್ದು ಕೇಳಿ ನಿಂತುಬಿಟ್ಟೆ. ಆ ಕಡೆ ಹೆಂಗಸರೂ ಹಾಗೇ ಅನ್ನುವುದು ವಾಡಿಕೆಯಂತೆ. ಅವತ್ತಿನಿಂದ ನಾನೂ "ಮೀ ಆಲೊ". ಯಾರೂ ತಲೆ ಎತ್ತಿ ನೋಡಲಿಲ್ಲ. ನನ್ನ ಮರಾಠಿ ಕೊಲ್ಹಾಪುರದ್ದು ಅಂತ ಅವರು ಅಂದುಕೊಂಡಿದ್ದಾರೆ.

ಕ್ಯಾಲೆಂಡರಿಗೆ ಬರುತ್ತೇನೆ. ನನ್ನ ನಾಲ್ಕನೇ ಮೂಲೆಯ ಬಗ್ಗೆ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನೀನೂ ನಿನ್ನ ಹಾಳೆಯಲ್ಲಿ ಒಂದು ಕಾಲಂ ಗೀಚಿಕೊಂಡು ಬರಿ ಅಂದೆ. ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಹೆಣ್ಣು ಅಂತ ನೋಡಿದ್ರ ಯಾಕ್ ಚುಚ್ಚಬೇಕು?" ಅಂದಳು. "ಚುಚ್ಚದಿದ್ರ ಸೊನ್ನೆ ಬರಿ" ಅಂದೆ. ಬರೆದಳು.

ಜೂನ್ ಒಂದರಿಂದ ಜುಲೈ ಮೂವತ್ತೊಂದು. ಅವಳ ನಾಲ್ಕನೇ ಕಾಲಂನಲ್ಲಿ 61 ಸೊನ್ನೆ. ಹಿಟ್ಟಿನ ಕೈಯಲ್ಲಿ ನೆಲಕ್ಕೆ ಕೂತು ಅಳುವಂಥ ದಿನವೂ ಸೊನ್ನೆ, ಮಾಳಿಗೆ ಕೀಲಿ ಕೊಟ್ಟ ದಿನವೂ ಸೊನ್ನೆ. ಸಿಟ್ಟು ಐದು, ಮೈ ನೋವು ನಾಲ್ಕು, ನಿದ್ದೆ ಐದು, ನಾಲ್ಕನೆಯದು ಸೊನ್ನೆ. ನನ್ನದು ತಿರುಗಾಮುರುಗಾ. ಎರಡು, ಮೂರು, ಒಂದು, ಐದು. ಒಂದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿದ ಎರಡು ಮೈ, ಒಂದೇ ಥರದ ಚಕ್ರ.

ಸೊನ್ನೆಯ ವಿಷಯ ಇನ್ನೂ ಇದೆ. ಅಕ್ಕನ ಮೊದಲ ಮೂರು ಕಾಲಂ ಮುಟ್ಟಾದ ನಾಲ್ಕನೇ ದಿನಕ್ಕೆ ಸೊನ್ನೆಗೆ ಇಳಿದವು, ಎರಡು ವಾರ ಅಲ್ಲೇ ಇದ್ದವು. ನನ್ನ ನಾಲ್ಕನೇ ಮೂಲೆ ಇಳಿಯಿತು, ಆದರೆ ಸೊನ್ನೆಗೆ ಬರಲೇ ಇಲ್ಲ. ಎರಡು, ಮೂರು, ಎರಡು. ಭಾನುವಾರ ಮಾತ್ರ ಒಂದು. ಭಾನುವಾರ ಬಸ್ಸಿಲ್ಲ.

ಅಕ್ಕನ ಜೊತೆ ಹೋದಾಗ ಆ ಮನೋವೈದ್ಯೆಗೆ ಕ್ಯಾಲೆಂಡರಿನ ಫೋಟೊ ತೋರಿಸಿದೆ. ಹಾಲಿನ ಗೀಟುಗಳ ನಡುವೆ ಅವರೂ ಸ್ವಲ್ಪ ತಡಕಾಡಿದರು. ಆಮೇಲೆ ಅಂದರು: "ನಿಮ್ಮ ಅಕ್ಕಂದು ಬಂದು ಹೋಗೂದು. ನಿಮ್ಮದು ಇರೂದು. ಇರೂದು ಆ ವಾರ ಉಬ್ಬತೈತಿ, ಅಷ್ಟ." ವೈದ್ಯರು ಇವೆರಡನ್ನೂ ಬೇರೆ ಬೇರೆ ಇಡುತ್ತಾರೆ. ಮೊದಲೇ ಇರುವ ಯಾವುದೋ ಒಂದು ಸಂಕಟ ಮುಟ್ಟಿನ ಮುಂಚೆ ಹೆಚ್ಚಾದರೆ ಅದಕ್ಕೆ ಪಿಎಂಡಿಡಿ ಅನ್ನುವುದಿಲ್ಲ. ಔಷಧಿಯ ದಾರಿಯೂ ಬೇರೆ. ಅಕ್ಕನಿಗೆ ಖಿನ್ನತೆಗೆ ಕೊಡುವಂಥ ಒಂದು ಮಾತ್ರೆ ಕೊಟ್ಟರು, ಅದೂ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ. ಈ ತೊಂದರೆಯಲ್ಲಿ ಹಾಗೆ ಅರ್ಧ ತಿಂಗಳು ಕೊಟ್ಟರೂ ಕೆಲಸ ಮಾಡುತ್ತದೆ. ನನಗೆ ಮಾತ್ರೆ ಕೊಡಲಿಲ್ಲ. ಆ ವಾರ ಬೈಂಡರ್ ಹಾಕಬೇಡಿ, ಉಸಿರು ಕಟ್ಟಿಕೊಂಡು ಬದುಕೋದು ಬ್ಯಾಡ ಅಂದರು. ಎರಡನೆಯದು ಅವರ ವೈದ್ಯಕೀಯ ಸಲಹೆಯೋ ಸುಮ್ನೆ ಅಂದಿದ್ದೋ, ಅಂತೂ ಒಳ್ಳೆಯ ಮಾತು.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಇದೆಯಲ್ಲ, 2022ರಿಂದ ಜಾರಿಗೆ ಬಂದ ಹನ್ನೊಂದನೇ ಆವೃತ್ತಿ. ಅದರಲ್ಲಿ ಅಕ್ಕನ ಪಿಎಂಡಿಡಿ 16ನೇ ಅಧ್ಯಾಯದಲ್ಲಿದೆ. ನನ್ನಂಥವರ ವಿಷಯವನ್ನು ಮನೋರೋಗಗಳ ಅಧ್ಯಾಯದಿಂದ ತೆಗೆದು 17ಕ್ಕೆ ಹಾಕಿದ್ದಾರೆ, ಲೈಂಗಿಕ ಆರೋಗ್ಯದ ಕೆಳಗೆ. ನಾವಿಬ್ಬರೂ ಅಲ್ಲೂ ಅಕ್ಕಪಕ್ಕದ ಮನೆಯವರೇ. ನಡುವೆ ಒಂದು ಗೋಡೆ. ಆ ಗೋಡೆ ಇರುವುದು ನನಗೆ ಬಹಳ ಮುಖ್ಯ, ಯಾಕೆ ಅಂತ ಹೇಳುತ್ತೇನೆ.

ಅವ್ವನಿಗೆ ನನ್ನ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆರು ವರ್ಷದ ಹಿಂದೆ. ಗ್ರಹಚಾರಕ್ಕೆ ಅದು ನನ್ನ ಮುಂಚಿನ ವಾರ. ಅವ್ವ ಶಾಂತವಾಗಿ ಕೇಳಿಸಿಕೊಂಡಳು. ಆಮೇಲೆ "ನಿನ್ನ ಡೇಟ್ ಹತ್ರ ಬಂದಾವೇನು?" ಅಂದಳು. ಹೌದು ಅಂದೆ. ಸುಳ್ಳು ಹೇಳಬೇಕಿತ್ತು. "ಅದಕ್ಕ ಹಂಗ ಅನಸ್ತೈತಿ ಬಾಳಾ. ನಿಮ್ಮ ಅಕ್ಕನೂ ಆ ವಾರ ಏನೇನೋ ಅಂತಾಳ. ಮುಗಿದ ಮ್ಯಾಲ ಮಾತಾಡೋಣಂತ." ಎರಡು ವಾರದ ಮೇಲೆ ಕಾದೆ. ಮುಟ್ಟಾಗಿ ಹನ್ನೊಂದನೇ ದಿನ, ಮೈ ಮನಸ್ಸು ಎರಡೂ ನೆಟ್ಟಗಿದ್ದ ದಿನ, ಅದೇ ಮಾತನ್ನು ಮತ್ತೆ ಹೇಳಿದೆ. ಅವ್ವ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಒಗ್ಗರಣೆ ಹಾಕಿದಳು. ಸಾಸಿವೆ ಬಹಳ ಹೊತ್ತು ಚಟಪಟ ಅಂದಿತು.

ಇದು ಅವ್ವ ಒಬ್ಬಳ ಮಾತಲ್ಲ. ಹೆಣ್ಣಾಗಿ ಹುಟ್ಟಿದವರು ಏನೇ ಹೇಳಿದರೂ "ಆ ದಿನಗಳ ಮಾತು" ಅಂತ ತಳ್ಳಿಹಾಕಬಹುದು. ಅಕ್ಕ ಮನೆ ಕೆಲಸ ಹಂಚಿಕೊಳ್ಳಿ ಅಂತ ಜಗಳ ಆಡಿದಾಗಲೂ ಮಾವನ ಮನೆಯವರು ಅದನ್ನೇ ಅಂದಿದ್ದರು. ಜಗಳ ಆಡಿದ್ದು ಆ ವಾರ ಇರಬಹುದು. ತಿಕ್ಕುವ ಪಾತ್ರೆ ಇಡೀ ತಿಂಗಳು ಇರುತ್ತಲ್ಲ?

ಎದುರು ಕಡೆಯಿಂದಲೂ ಒಂದು ಹೊಡೆತ ಬರುತ್ತದೆ. "ನೀನು ಹೆಣ್ಣಲ್ಲ ಅಂದ್ರೆ ಇದೆಲ್ಲ ಯಾಕೆ ಆಗುತ್ತೆ?" ಅನ್ನುವವರು. ಅಂಡಾಶಯ ಇದೆ, ಅದಕ್ಕೆ ಆಗುತ್ತದೆ. ಅದು ನನ್ನ ಪರ್ಮಿಷನ್ ಕೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಟ್ರಾನ್ಸ್ ಮ್ಯಾನ್, ಅಂದರೆ ಹೆಣ್ಣಿನ ಮೈಯಲ್ಲಿ ಹುಟ್ಟಿದ ಗಂಡು. ಅವನು ಮುಟ್ಟು ಅನ್ನುವ ಪದವನ್ನೇ ಆಡುತ್ತಿರಲಿಲ್ಲ. ಬೈಕಿನ ಹಾಗೆ "ಸರ್ವಿಸಿಂಗ್" ಅನ್ನುತ್ತಿದ್ದ. ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನಿನ ಇಂಜೆಕ್ಷನ್ ಶುರು ಮಾಡಿ ಐದನೇ ತಿಂಗಳಿಗೆ ಅವನದು ನಿಂತಿತು. ಬಹಳ ಜನರಿಗೆ ಹಾಗೆ ಕೆಲವು ತಿಂಗಳಲ್ಲಿ ನಿಲ್ಲುತ್ತದೆ. ಅವತ್ತು ಪೇಢೆ ಹಂಚಿದ. ನನಗೆ ಆ ಇಂಜೆಕ್ಷನ್ ಬೇಕು ಅಂತ ಇನ್ನೂ ಅನಿಸಿಲ್ಲ. ನನಗೆ ರಕ್ತದ ಜೊತೆ ಜಗಳ ಇಲ್ಲ. ಜಗಳ ಇರುವುದು ಆ "ಸ..." ಅಂತ ಅರ್ಧಕ್ಕೆ ನಿಲ್ಲುವ ಅಕ್ಷರದ ಜೊತೆ.

ಈಗ ನಾನು ತಪ್ಪಿದ ಕಡೆ ಹೇಳುತ್ತೇನೆ. ಗೋಕಾಕ ಕಡೆಯ ಗೆಳತಿಯೊಬ್ಬಳು, ಟ್ರಾನ್ಸ್ ಮಹಿಳೆ, ಅಂದರೆ ಗಂಡಿನ ಮೈಯಲ್ಲಿ ಹುಟ್ಟಿದ ಹೆಣ್ಣು, ಎರಡು ವರ್ಷದಿಂದ ಡಾಕ್ಟರ ಸಲಹೆಯಂತೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ತೆಗೆದುಕೊಳ್ಳುತ್ತಿದ್ದಾಳೆ. ಒಂದು ದಿನ ಚಹಾ ಕುಡಿಯುತ್ತ "ನಂಗೂ ತಿಂಗಳಿಗೆ ನಾಕು ದಿನ ಹಂಗs ಆಗ್ತೈತಿ. ಎದಿ ನೋವು, ಸುಮ್ಮಸುಮ್ಮನ ಅಳು" ಅಂದಳು. ನಾನು ನಕ್ಕುಬಿಟ್ಟೆ. ಗರ್ಭಚೀಲ ಇಲ್ಲದವಳಿಗೆ ಎಂಥ ಡೇಟ್ ಅಂತ. ಬಾಯಿಂದಲೂ ಬಂತು ಆ ಮಾತು. ಅವಳು ಬಸಿಯಲ್ಲಿ ಉಳಿದ ಚಹಾವನ್ನೇ ನೋಡುತ್ತ ಕೂತಳು. ನನಗೆ ಜನ ಹೇಳುವುದನ್ನೇ ನಾನು ಅವಳಿಗೆ ಹೇಳಿದ್ದೆ, ತಿರುವಿ ಹಾಕಿ.

ಮನೆಗೆ ಬಂದ ಮೇಲೆ ನಮ್ಮ ಚಿಗವ್ವ ನೆನಪಾದಳು. ಮೂವತ್ತೆಂಟಕ್ಕೆ ಗರ್ಭಚೀಲ ತೆಗೆಸಿದವಳು. ಅಂಡಾಶಯ ಉಳಿಸಿದ್ದರು. ರಕ್ತ ನಿಂತಿತು. ತಿಂಗಳಿಗೊಮ್ಮೆ ತಲೆ ಸಿಡಿಯುವುದು, ಎಲ್ಲರ ಮೇಲೆ ಹರಿಹಾಯುವುದು ನಿಲ್ಲಲಿಲ್ಲ. "ಡೇಟ್ ಇಲ್ಲದ ಡೇಟ್" ಅಂತ ಅವಳೇ ಹೇಳಿಕೊಳ್ಳುತ್ತಿದ್ದಳು, ಆಗ ಯಾರೂ ನಗುತ್ತಿರಲಿಲ್ಲ. ಅಂಡಾಶಯ ಉಳಿದರೆ ಚಕ್ರ ಉಳಿಯುತ್ತದೆ, ಹಾಗಾಗಿ ಈ ಲಕ್ಷಣಗಳೂ ಉಳಿಯಬಹುದು, ಡಾಕ್ಟರಿಗೆ ಇದು ಗೊತ್ತಿರುವ ವಿಷಯ. ಗೆಳತಿಗೆ ಅಂಡಾಶಯವೂ ಇಲ್ಲ ನಿಜ. ಅವಳದೂ ಚಿಗವ್ವನದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರು ಇಂಥ ಏರಿಳಿತ ಹೇಳಿಕೊಳ್ಳುವುದು ಹೊಸದಲ್ಲ. ಅದನ್ನು ಕೂತು ಅಳೆದವರು ಕಡಿಮೆ, ಅಷ್ಟೇ. ಅಕ್ಕನ ಸಂಕಟಕ್ಕೂ 2013ರ ತನಕ ಪೂರ್ತಿ ಹೆಸರು ಇರಲಿಲ್ಲ ಅಲ್ವಾ. ಮರುದಿನ ಗೆಳತಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ನೀನೂ ಎರಡು ತಿಂಗಳು ಬರಿ ಅಂದೆ. "ಬರಿಯೂದೆಲ್ಲ ನಿಂದು. ನಂಗ ಕರದಂಟು ಕೊಡಸು ಸಾಕು" ಅಂದಳು. ಗೋಕಾಕದವಳಿಗೆ ಬೆಳಗಾವಿಯಿಂದ ಕರದಂಟು ಒಯ್ದೆ. ಅದಕ್ಕೂ ಬೈದಳು.

ನಮ್ಮ ಜಿಲ್ಲೆಯಲ್ಲಿ ಇದೆಲ್ಲ ಹೊಸದು ಅಂತ ಯಾರೂ ಹೇಳುವ ಹಾಗಿಲ್ಲ. ಬಾಗಲಕೋಟೆಗೆ ಹೋಗುವಾಗ ಯರಗಟ್ಟಿಯಲ್ಲಿ ಸವದತ್ತಿ ಯಲ್ಲಮ್ಮನ ಭಕ್ತರು ಬಸ್ಸು ಹತ್ತುತ್ತಾರೆ. ಕೆಲವು ಸಲ ಜೋಗಪ್ಪಗಳೂ ಇರುತ್ತಾರೆ. ಗಂಡಾಗಿ ಹುಟ್ಟಿ, ಸೀರೆ ಉಟ್ಟು, ಕೊರಳಿಗೆ ದೇವಿಯ ಮುತ್ತು ಕಟ್ಟಿಸಿಕೊಂಡವರು. ಅವರು ಹೆಂಗಸರ ಸೀಟಿನಲ್ಲಿ ಕೂತರೆ ಯಾರೂ ಆಧಾರ್ ಕೇಳುವುದಿಲ್ಲ. ಕೈ ಮುಗಿದು ಭಂಡಾರ ಹಚ್ಚಿಸಿಕೊಳ್ಳುವವರೂ ಇದ್ದಾರೆ. ನನಗೆ ಹೊಟ್ಟೆಕಿಚ್ಚು ಆಗಿದ್ದು ಸುಳ್ಳಲ್ಲ. ಆದರೆ ಬಸ್ಸು ಇಳಿದ ಮೇಲೆ ಅವರಿಗೆ ಬಾಡಿಗೆ ಮನೆ ಯಾರು ಕೊಡುತ್ತಾರೆ ಅಂತ ಕೇಳಿದರೆ ಆ ಮುಗಿದ ಕೈಗಳ ಬೆಲೆ ಗೊತ್ತಾಗುತ್ತದೆ. ಅಲ್ಲದೆ ಅದು ದೇವಿಯ ಲೆಕ್ಕ. ನನ್ನ ಮೇಲೆ ಯಾವ ದೇವಿಯೂ ಬಂದಿಲ್ಲ. ತಿಂಗಳಿಗೊಮ್ಮೆ ಹಾರ್ಮೋನ್ ಬರುತ್ತದೆ, ಅಷ್ಟೇ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಮುಟ್ಟಿನ ರಜೆಗೆ ಒಪ್ಪಿತು. ತಿಂಗಳಿಗೊಂದು, ವರ್ಷಕ್ಕೆ 12, ಸಂಬಳ ಕತ್ತರಿಸುವಂತಿಲ್ಲ. ಒಳ್ಳೆಯದೇ. ಅಕ್ಕ ಸುದ್ದಿ ಓದಿ ಫೋನ್ ಮಾಡಿದಳು. ಅವಳು ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ. "ನಂಗ ಬೇಕಾಗಿರೂದು ಮುಟ್ಟಾದ ದಿನ ಅಲ್ಲ. ಅವತ್ತ ನಾನು ಆರಾಮ ಇರ್ತೀನಿ. ಅದಕ್ಕೂ ನಾಕು ದಿನ ಮದ್ಲ ಕೊಡ್ತಾರೇನು?" ನಗು ಬಂತು ಇಬ್ಬರಿಗೂ. ನನ್ನ ಪೇಚು ಬೇರೆ. ರಜೆ ಹೆಣ್ಣುಮಕ್ಕಳಿಗೆ. ರಜೆ ಅರ್ಜಿಗಳೆಲ್ಲ ತಿಂಗಳ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತವೆ, ನಾನೇ ಸಂಬಳದ ಹಾಳೆಗೆ ಹಾಕಬೇಕು. ನನ್ನ ಹೆಸರಿನ ಮುಂದೆ ಆ ಕಾಲಂ ಖಾಲಿ ಬಿಡುತ್ತೇನೆ. ರಜೆ ಬೇಡ ಅಂತಲ್ಲ. ಹೊಟ್ಟೆನೋವಿದ್ದ ದಿನ ಜ್ವರ ಅಂತ ಬರೆಯುತ್ತೇನೆ. ಲೆಕ್ಕದಲ್ಲಿ ನಾನು ಮಾಡುವ ಒಂದೇ ಸುಳ್ಳು ಅದು.

ಅಕ್ಕನಿಗೆ ಮಾತ್ರೆಯಿಂದ ಅರ್ಧಕ್ಕರ್ಧ ಆರಾಮಾಗಿದೆ. ಐದು ಇದ್ದದ್ದು ಎರಡು, ಮೂರಕ್ಕೆ ಬಂದಿದೆ. ಮಾಳಿಗೆ ಕೀಲಿ ಈಗ ಮೊಳೆಗೆ ತೂಗುತ್ತದೆ, ಇಡೀ ತಿಂಗಳು. ನನ್ನ ನಾಲ್ಕನೇ ಮೂಲೆ ಈಗಲೂ ಹಾಗೇ ಇರಬೇಕು, ನಾನು ಬರೆಯುವುದು ಬಿಟ್ಟಿದ್ದೇನೆ.

ಡಿಸೆಂಬರ್ ಮುಗಿದ ಮೇಲೆ ಅವ್ವ ಹಳೆ ಕ್ಯಾಲೆಂಡರ್ ಹಾಳೆಗಳನ್ನು ಬಿಡಿಸಿ ಅಡುಗೆಮನೆಯ ಕಪಾಟಿಗೆ ಹಾಸಿದಳು. ಪ್ರತಿ ವರ್ಷ ಹಾಗೇ. ಜುಲೈ ಹಾಳೆ ಶೇಂಗಾ ಚಟ್ನಿ ಡಬ್ಬಿಯ ಕೆಳಗೆ ಬಂದಿದೆ. ಡಬ್ಬಿ ಎತ್ತಿದರೆ ಎಣ್ಣೆಯ ದುಂಡನೆ ಕಲೆ, ಅದರೊಳಗೆ 17ರಿಂದ 20ನೇ ತಾರೀಖು. ಎರಡು, ಮೂರು, ಒಂದು, ಐದು. ನಡುವೆ ಉದ್ದ ಗೀಟು, ಒಂದು ಲೀಟರ್ ಹಾಲು. ಹಾಸುವಾಗ ಅವ್ವನಿಗೆ ಕಾಣದೆ ಇರುವುದಿಲ್ಲ. ಅವಳು ಹಾಳೆಯನ್ನು ಬರೆದ ಬದಿ ಕೆಳಗೆ ಮಾಡಿ ಹಾಸಬಹುದಿತ್ತು.